ಬಾಡಿಗೆಯ ಯಂತ್ರ, ಸ್ವಂತದ ಯಂತ್ರ

ಕಂಪ್ಯೂಟರನ್ನು ಹಣ ಕೊಟ್ಟು ಕೊಳ್ಳಬಹುದು, ಕೊಂಡ ಮೇಲೆ ಅದನ್ನು ತನಗೆ ಬೇಕಾದವರಿಂದ ರಿಪೇರಿ ಮಾಡಿಸಬಹುದು ಎಂಬ ಮಾತು ಇಂದು ಯಾರಿಗೂ ವಿಶೇಷವೆನಿಸದು. ಆದರೆ ಅಮೆರಿಕದ ಐಬಿಎಂ ಕಂಪನಿ ದಶಕಗಳ ಕಾಲ ತನ್ನ ಲೆಕ್ಕಪತ್ರದ ಯಂತ್ರಗಳನ್ನು ಮಾರುತ್ತಲೇ ಇರಲಿಲ್ಲ. ತಿಂಗಳ ಬಾಡಿಗೆಗೆ ಕೊಡುತ್ತಿತ್ತು. ಯಂತ್ರ ಕೆಟ್ಟರೆ ಕಂಪನಿಯ ನೌಕರನೇ ಬಂದು ಮುಚ್ಚಳ ತೆಗೆಯಬೇಕು. ಒಳಗೇನಿದೆಯೆಂದು ತಿಳಿಯುವ ಅಧಿಕಾರ ಬಾಡಿಗೆದಾರನಿಗಿರಲಿಲ್ಲ. ಈ ಏಕಸ್ವಾಮ್ಯದ ವಿರುದ್ಧ ಅಮೆರಿಕದ ಸರ್ಕಾರ ಹೂಡಿದ ದಾವೆ 1956ರ ಜನವರಿಯಲ್ಲಿ ರಾಜಿಯ ತೀರ್ಪಿನಲ್ಲಿ ಮುಗಿಯಿತು. ಬಾಡಿಗೆಯ ಜೊತೆಗೆ ಮಾರಾಟಕ್ಕೂ ಯಂತ್ರಗಳನ್ನು ಇಡಬೇಕು, ಕೊಂಡವರಿಗೂ ಹೊರಗಿನ ರಿಪೇರಿಯವರಿಗೂ ಬಿಡಿಭಾಗಗಳನ್ನು ಒದಗಿಸಬೇಕು, ಯಂತ್ರದ ತಿಳಿವಳಿಕೆಯನ್ನೂ ಹಂಚಿಕೊಳ್ಳಬೇಕು ಎಂದು ಆ ತೀರ್ಪು ವಿಧಿಸಿತು. ಒಡೆತನವೆಂದರೆ ರಸೀದಿ ಮಾತ್ರವಲ್ಲ, ಬಿಡಿಭಾಗ ಮತ್ತು ಕೈಪಿಡಿ ಕೂಡ ಎಂಬ ವಿವೇಕ ಅದರಲ್ಲಿತ್ತು. ವರ್ಕ್‌ಸ್ಟೇಷನ್ ಲ್ಯಾಪ್‌ಟಾಪಿನ ಚರಿತ್ರೆಯನ್ನು ಇಲ್ಲಿಂದಲೇ ಓದಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ದೇಶಕ್ಕೆ ಆ ವಿವೇಕ ಬೇರೊಂದು ದಾರಿಯಿಂದ ಬಂತು. ಇಲ್ಲಿಯೂ ಐಬಿಎಂ ಯಂತ್ರಗಳು ಬಾಡಿಗೆಯವೇ ಆಗಿದ್ದವು. ಹೊರದೇಶಗಳಲ್ಲಿ ದುಡಿದು ಹಳತಾದ 1401 ಮಾದರಿಯ ಯಂತ್ರಗಳನ್ನು ಇಲ್ಲಿ ದುರಸ್ತಿ ಮಾಡಿ ದುಬಾರಿ ಬಾಡಿಗೆಗೆ ಕೊಡಲಾಗುತ್ತಿದೆ ಎಂಬ ಆಕ್ಷೇಪವೆದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ವಿದೇಶಿ ವಿನಿಮಯದ ಹೊಸ ಕಾನೂನಿಗೆ ಒಗ್ಗದೆ 1978ರಲ್ಲಿ ಐಬಿಎಂ ಭಾರತವನ್ನು ಬಿಟ್ಟಿತು. ಕಂಪನಿ ಹೋಯಿತು, ಯಂತ್ರಗಳು ಉಳಿದವು. ಅವುಗಳ ಪಾಲನೆಯ ಹೊಣೆಯನ್ನು ಹೊತ್ತದ್ದು 1975ರಲ್ಲಿ ಸರ್ಕಾರ ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ. ಮಾಡದಿದ್ದ ಯಂತ್ರವನ್ನು ರಿಪೇರಿ ಮಾಡಲು ಕಲಿತ ಆ ಸಂಸ್ಥೆಯೇ ಮುಂದೆ ರೈಲ್ವೆಯ ಟಿಕೆಟ್ ಕಾಯ್ದಿರಿಸುವ ಗಣಕ ವ್ಯವಸ್ಥೆಯನ್ನೂ ರೂಪಿಸಿತು. ಊರಿಗೆ ಹೋಗಲು ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟಿಗಾಗಿ ಸಾಲಿನಲ್ಲಿ ನಿಂತಿದ್ದ ದೆಹಲಿಯ ಹಿರಿಯ ಕನ್ನಡಿಗರು ಆ ಬದಲಾವಣೆಯನ್ನು ಕಣ್ಣಾರೆ ಕಂಡವರು. ಸರ್ಕಾರಿ ನೌಕರರಾದ ನಮಗೆ ಈ ಸಂಗತಿಯನ್ನು ಹೇಳುವಾಗ ತುಸು ಹೆಮ್ಮೆಯೂ ಇದೆಯೆಂದು ಒಪ್ಪಿಕೊಳ್ಳಬಹುದು.

1992ರಲ್ಲಿ ಐಬಿಎಂ ಟಾಟಾ ಸಮೂಹದ ಜೊತೆಗೂಡಿ ಬೆಂಗಳೂರಿಗೆ ಹಿಂತಿರುಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಥಿಂಕ್‌ಪ್ಯಾಡ್ 700ಸಿ ಎಂಬ ಲ್ಯಾಪ್‌ಟಾಪನ್ನು ಹೊರತಂದಿತು. ಜಪಾನಿನ ಯಮಾಟೊ ಪ್ರಯೋಗಾಲಯದಲ್ಲಿ ಇಂಜಿನಿಯರುಗಳು ಕಟ್ಟಿದ್ದು. ರೂಪ ಕೊಟ್ಟವರು ಜರ್ಮನ್ ವಿನ್ಯಾಸಕಾರ ರಿಚರ್ಡ್ ಸ್ಯಾಪರ್. ಮುಚ್ಚಿದರೆ ಜಪಾನೀಯರ ಬೆಂಟೊ ಊಟದ ಡಬ್ಬಿಯಂತಿರುವ ಕಪ್ಪು ಪೆಟ್ಟಿಗೆ. ತೆರೆದರೆ ಕೀಲಿಮಣೆಯ ನಡುವೆ ಒಂದು ಕೆಂಪು ಗುಂಡಿ. ಹಾರ್ಡ್ ಡಿಸ್ಕನ್ನು ಬಳಸುವವನೇ ಹೊರತೆಗೆಯುವಂತಿತ್ತು. ಬೆಲೆ 4,350 ಡಾಲರ್. ನಮ್ಮಲ್ಲಿ ಯಾರೂ ಆಗ ಅದನ್ನು ಕಂಡಿರಲಿಲ್ಲ.

ವರ್ಕ್‌ಸ್ಟೇಷನ್ ಎಂಬುದು ಆಗ ಬೇರೆಯೇ ಕುಲದ ಯಂತ್ರ. ಸನ್, ಸಿಲಿಕಾನ್ ಗ್ರಾಫಿಕ್ಸ್ ಮೊದಲಾದ ಕಂಪನಿಗಳ ಈ ಯಂತ್ರಗಳು ಸೇತುವೆಯ ನಕ್ಷೆ ಬರೆಯುವವರ, ವಿಮಾನ ರೂಪಿಸುವವರ, ಸಿನಿಮಾದ ಚಿತ್ರಚಮತ್ಕಾರ ಮಾಡುವವರ ಮೇಜಿನ ಮೇಲಿರುತ್ತಿದ್ದವು. ಮೇಜಿನ ಆ ಶಕ್ತಿಯನ್ನು ತೊಡೆಯ ಮೇಲಕ್ಕೆ ತರುವ ಪ್ರಯತ್ನಗಳು 1990ರ ದಶಕದ ಆರಂಭದಲ್ಲೇ ನಡೆದರೂ, ಅದು ಸಾಮಾನ್ಯವಾದದ್ದು 2000ದ ನಂತರ. ಡೆಲ್ ಕಂಪನಿಯ ಪ್ರಿಸಿಷನ್, ಎಚ್‌ಪಿಯ ಎಲೀಟ್‌ಬುಕ್ ಮತ್ತು ಮುಂದಿನ ಝಡ್‌ಬುಕ್, 2005ರಲ್ಲಿ ಐಬಿಎಂನಿಂದ ಲೆನೊವೊ ಕೈಸೇರಿದ ಥಿಂಕ್‌ಪ್ಯಾಡಿನ ಡಬ್ಲ್ಯು ಮತ್ತು ಪಿ ಸರಣಿಗಳು ಈ ವಂಶಕ್ಕೆ ಸೇರಿದವು.

ಇವುಗಳಲ್ಲಿ 2011ರ ಡಬ್ಲ್ಯು520 ಎಂಬುದನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ನಾಲ್ಕು ಕೋರ್‌ಗಳ ಪ್ರೊಸೆಸರ್ ಇರುವ ಯಂತ್ರದಲ್ಲಿ ಮೆಮೊರಿಗೆ ನಾಲ್ಕು ಸ್ಲಾಟುಗಳು, ಎರಡು ತಳದಲ್ಲಿ, ಎರಡು ಕೀಲಿಮಣೆಯ ಕೆಳಗೆ. ಒಟ್ಟು 32 ಜಿಬಿ. ಡಿವಿಡಿ ಡ್ರೈವನ್ನು ಎಳೆದು ತೆಗೆದು ಅಲ್ಲಿ ಎರಡನೆಯ ಡಿಸ್ಕನ್ನು ಕೂಡಿಸಬಹುದು. 170 ವಾಟ್ ಅಡಾಪ್ಟರ್ ಮಾತ್ರ ಇಟ್ಟಿಗೆಯಷ್ಟು ಭಾರ. ಇನ್ನೂ ಸೊಗಸಿನದು ಯಂತ್ರದ ತಳಭಾಗ. ಯಾವ ಸ್ಕ್ರೂ ಬಿಚ್ಚಿದರೆ ಕೀಲಿಮಣೆ ಏಳುತ್ತದೆಂಬುದಕ್ಕೆ ಆ ಸ್ಕ್ರೂಗಳ ಪಕ್ಕದಲ್ಲೇ ಪುಟ್ಟ ಚಿಹ್ನೆ. ಕೀಲಿಮಣೆಯ ಮೇಲೆ ಚೆಲ್ಲಿದ ಕಾಫಿ ಹರಿದುಹೋಗುವ ತೂತಿಗೆ ಹನಿಯ ಚಿಹ್ನೆ. ಯಂತ್ರವನ್ನು ಕೊಂಡವನು ಒಂದಲ್ಲ ಒಂದು ದಿನ ಅದನ್ನು ಬಿಚ್ಚುತ್ತಾನೆ ಎಂದು ಮೊದಲೇ ಊಹಿಸಿದವರ ಕೆಲಸ ಅದು.

ಅದರ ಹಾರ್ಡ್‌ವೇರ್ ಕೈಪಿಡಿಯನ್ನು ಕಂಪನಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತ್ತು. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಆ ಕೈಪಿಡಿಯ ಗದ್ಯ ಅಸೂಯೆ ಹುಟ್ಟಿಸುವಷ್ಟು ಸ್ವಚ್ಛವಾಗಿ ಕಾಣುತ್ತದೆ: ಯಾವ ಭಾಗಕ್ಕಿಂತ ಮೊದಲು ಯಾವುದನ್ನು ತೆಗೆಯಬೇಕು, ಯಾವ ಸ್ಕ್ರೂ ಎಷ್ಟು ಉದ್ದ, ಎಷ್ಟು ಸಲ ಬೀಪ್ ಸದ್ದಾದರೆ ಏನರ್ಥ. ದೋಷ ಹುಡುಕುವ ಕ್ರಮವೂ ಸರಳ. ಬ್ಯಾಟರಿ, ಡಿಸ್ಕ್, ಹೆಚ್ಚುವರಿ ಮೆಮೊರಿ ಎಲ್ಲವನ್ನೂ ತೆಗೆದು, ಅತ್ಯಗತ್ಯವಾದಷ್ಟನ್ನೇ ಉಳಿಸಿಕೊಂಡು ಚಾಲೂ ಮಾಡುವುದು. ಅನಂತರ ಒಂದೊಂದನ್ನೇ ಸೇರಿಸುತ್ತ ಹೋಗುವುದು. ಯಾವುದನ್ನು ಸೇರಿಸಿದಾಗ ಯಂತ್ರ ಮುಗ್ಗರಿಸುವುದೋ ದೋಷ ಅಲ್ಲಿದೆ. ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಅಪಪಾಠವನ್ನು ಹಿಡಿಯುವ ಗ್ರಂಥಸಂಪಾದಕನ ತಾಳ್ಮೆಯೇ ಇಲ್ಲಿಯೂ ಬೇಕು.

ಎಲ್ಲ ದೋಷಗಳೂ ಹೀಗೆ ಕೈಗೆ ಸಿಗುವುದಿಲ್ಲ. ಡಬ್ಲ್ಯು520ರಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪುಗಳಿದ್ದು, ಹೊರಪರದೆಗೆ ಹೋಗುವ ಸಂಪರ್ಕ ಎನ್ವಿಡಿಯ ಚಿಪ್ಪಿನದು. ಬ್ಯಾಟರಿ ಉಳಿಸಲೆಂದು ಅದನ್ನು ಮುಚ್ಚಿಟ್ಟವನು ಪ್ರೊಜೆಕ್ಟರಿಗೆ ತಂತಿ ಜೋಡಿಸಿದರೆ ಗೋಡೆ ಖಾಲಿ. ಕೇಬಲ್ ಬದಲಾಯಿಸಿ, ಪ್ರೊಜೆಕ್ಟರನ್ನು ಬೈದು, ಸಭೆ ಅರ್ಧ ಗಂಟೆ ತಡವಾದ ಮೇಲೆ ಯಾರೋ ಬಯೋಸ್ ಸೆಟ್ಟಿಂಗನ್ನು ನೆನೆಯುತ್ತಾರೆ.

ಇದಕ್ಕಿಂತ ಗಂಭೀರವಾದದ್ದು 2008ರ ಪ್ರಕರಣ. ಆ ಜುಲೈನಲ್ಲಿ ಎನ್ವಿಡಿಯ ಕಂಪನಿ ತನ್ನ ಕೆಲವು ಹಿಂದಿನ ಪೀಳಿಗೆಯ ಲ್ಯಾಪ್‌ಟಾಪ್ ಚಿಪ್ಪುಗಳು ನಿರೀಕ್ಷೆಗಿಂತ ಹೆಚ್ಚು ಕೆಡುತ್ತಿವೆಯೆಂದು ಒಪ್ಪಿ, ರಿಪೇರಿ ಮತ್ತು ಬದಲಿಯ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಚಿಪ್ಪಿಗೂ ಅದರ ತಳಹಾಸಿಗೂ ನಡುವೆ ಕಣ್ಣಿಗೆ ಕಾಣದ ಬೆಸುಗೆಯ ಉಬ್ಬುಗಳಿರುತ್ತವೆ. ಲ್ಯಾಪ್‌ಟಾಪ್ ದಿನಕ್ಕೆ ಹಲವು ಸಲ ಕಾಯುತ್ತದೆ, ತಣಿಯುತ್ತದೆ. ಪ್ರತಿ ಸಲವೂ ಚಿಪ್ಪು ಹಿಗ್ಗುವ ಪ್ರಮಾಣ ಒಂದು, ತಳ ಹಿಗ್ಗುವ ಪ್ರಮಾಣ ಇನ್ನೊಂದು. ಈ ಜಗ್ಗಾಟದಲ್ಲಿ ಉಬ್ಬುಗಳು ಬಿರುಕು ಬಿಡುತ್ತವೆ. ಮೊದಲು ಪರದೆಯ ಮೇಲೆ ಗೆರೆಗಳು, ಕಡೆಗೆ ಕತ್ತಲೆ. ಬೀದಿಬದಿಯ ರಿಪೇರಿ ಅಂಗಡಿಗಳಲ್ಲಿ ಬಿಸಿಗಾಳಿ ಹಾಯಿಸಿ ಚಿಪ್ಪನ್ನು ‘ಎಬ್ಬಿಸುವ’ ಪದ್ಧತಿ ಹಬ್ಬಿದ್ದು ಇಂಥ ಯಂತ್ರಗಳಿಂದಲೇ. ಯಂತ್ರ ಎಚ್ಚರಗೊಳ್ಳುತ್ತಿತ್ತು ನಿಜ. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ಮಲಗುತ್ತಿತ್ತು. ಬಿರುಕು ಚಿಪ್ಪಿನೊಳಗಿರುವಾಗ ಹೊರಗಿನ ಶಾಖ ತಾತ್ಕಾಲಿಕ ಸಮಾಧಾನವಷ್ಟೆ. ಗ್ರಾಫಿಕ್ಸ್ ಭಾಗ ಪ್ರತ್ಯೇಕ ಕಾರ್ಡಿನಲ್ಲಿದ್ದ ದೊಡ್ಡ ವರ್ಕ್‌ಸ್ಟೇಷನ್ನುಗಳ ಒಡೆಯರು ಕಾರ್ಡನ್ನಷ್ಟೇ ಬದಲಿಸಿ ಪಾರಾದರು. ಮದರ್‌ಬೋರ್ಡಿಗೇ ಬೆಸೆದಿದ್ದವರು ಇಡೀ ಬೋರ್ಡಿನ ಬೆಲೆ ತೆರಬೇಕಾಯಿತು. ಬಿಚ್ಚಲಾಗುವುದಕ್ಕೂ ಬಿಚ್ಚಲಾಗದಿರುವುದಕ್ಕೂ ಇರುವ ಅಂತರವನ್ನು ರೂಪಾಯಿಯಲ್ಲಿ ಅಳೆದು ತೋರಿಸಿದ ಪ್ರಕರಣವಿದು.

ಬೀಗಗಳು ಬಂದದ್ದು ಸದ್ದಿಲ್ಲದೆ. ಥಿಂಕ್‌ಪ್ಯಾಡುಗಳಲ್ಲಿ ಕಂಪನಿಯ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡನ್ನು ಕೂಡಿಸಿದರೆ 1802 ಎಂಬ ಸಂಖ್ಯೆಯೊಡನೆ, ಅನಧಿಕೃತ ಕಾರ್ಡನ್ನು ತೆಗೆಯಿರಿ ಎಂಬ ಆಜ್ಞೆ ಪರದೆಯ ಮೇಲೆ ಮೂಡಿ ಯಂತ್ರ ಮುಂದೆ ಸಾಗುತ್ತಿರಲಿಲ್ಲ. ರೇಡಿಯೊ ನಿಯಮಗಳ ಪ್ರಮಾಣೀಕರಣ ಅದಕ್ಕೆ ಕೊಡುತ್ತಿದ್ದ ಸಮರ್ಥನೆ. 2012ರ ಪೀಳಿಗೆಯಿಂದ ಬ್ಯಾಟರಿಗೂ ಇದೇ ಪರೀಕ್ಷೆ ಬಂತು. ಸ್ಕ್ರೂ ನಮ್ಮದು, ಅಪ್ಪಣೆ ಅವರದು.

ಬಳಿಕ ಬಂದದ್ದು ತೆಳುತನದ ಮೋಹ. ಮೆಮೊರಿಯನ್ನು ಸ್ಲಾಟಿನ ಬದಲು ಬೋರ್ಡಿಗೇ ಬೆಸೆಯುವುದು 2012ರ ನಂತರ ದುಬಾರಿ ಲ್ಯಾಪ್‌ಟಾಪುಗಳಲ್ಲೂ ಸಾಮಾನ್ಯವಾಯಿತು. ಇದೆಲ್ಲವನ್ನೂ ಲಾಭಕೋರತನವೆನ್ನುವುದು ಸರಿಯಲ್ಲ. ಸಂಕೇತಗಳ ವೇಗ ಹೆಚ್ಚಿದಂತೆ ಪ್ರೊಸೆಸರಿನಿಂದ ಮೆಮೊರಿಗೆ ಇರುವ ದಾರಿ ಚಿಕ್ಕದಾಗಬೇಕು, ನಡುವಿನ ಸ್ಲಾಟಿನ ತಿರುವುಗಳು ತೊಡಕಾಗುತ್ತವೆ. ಹಳೆಯ ಸ್ಲಾಟಿನ ಆಯುಷ್ಯ ನಿಜವಾಗಿಯೂ ಮುಗಿಯುತ್ತಿತ್ತು. ಆದರೆ ಉತ್ತರ ಬೆಸುಗೆಯೊಂದೇ ಅಲ್ಲವೆಂದು ತೋರಿಸಿದ್ದೂ ವರ್ಕ್‌ಸ್ಟೇಷನ್ ಲೋಕವೇ. 2022ರಲ್ಲಿ ಡೆಲ್ ತನ್ನ ಪ್ರಿಸಿಷನ್ ಯಂತ್ರಗಳಲ್ಲಿ ಕ್ಯಾಮ್ ಎಂಬ ಹೊಸ ಬಗೆಯ ಮೆಮೊರಿಯನ್ನು ತಂದಿತು. ಬೋರ್ಡಿನ ಮೇಲೆ ಹಪ್ಪಳದಂತೆ ಚಪ್ಪಟೆಯಾಗಿ ಮಲಗಿ ಸ್ಕ್ರೂಗಳಿಂದ ಒತ್ತಿ ಕೂರುವ ಒಂದೇ ಫಲಕ, 128 ಜಿಬಿಯವರೆಗೆ. ಒಂದೇ ಕಂಪನಿಯ ಸ್ವತ್ತಾಗಿ ಉಳಿದೀತೆಂಬ ಅನುಮಾನ ಹಲವರಿಗಿತ್ತು. ಆದರೆ 2023ರ ಡಿಸೆಂಬರಿನಲ್ಲಿ ಜೆಡೆಕ್ ಮಾನಕ ಸಂಸ್ಥೆ ಅದನ್ನು ಎಲ್ಲರೂ ಬಳಸಬಹುದಾದ ಮಾನಕವಾಗಿ ಪ್ರಕಟಿಸಿತು. 2024ರ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದರ ಕಡಿಮೆ ವಿದ್ಯುತ್ತಿನ ರೂಪ ಬಂತು.

ದೊಡ್ಡ ಕಂಪನಿಗಳು ಈ ಯಂತ್ರಗಳನ್ನು ಬಹುಪಾಲು ಗುತ್ತಿಗೆಗೆ ಪಡೆಯುತ್ತವೆ. ಮೂರು ನಾಲ್ಕು ವರ್ಷಗಳಲ್ಲಿ ಗುತ್ತಿಗೆ ತೀರಿ ಅವು ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್‌ಪಿ ರೋಡ್ ಸೇರುತ್ತವೆ. 1401ರ ಕಾಲದಂತೆಯೇ ಇಂದೂ ಮೊದಲ ಬಳಕೆದಾರ ಬಾಡಿಗೆದಾರನೇ. ನಿಜವಾದ ಒಡೆಯ ಎರಡನೆಯವನು. ವಾರಂಟಿ ಮುಗಿದದ್ದರಿಂದ ಬಿಚ್ಚಲು ಅವನಿಗೆ ಅಂಜಿಕೆಯಿಲ್ಲ. ನಮ್ಮ ಬಳಗ ಹಳೆಯ ಕನ್ನಡ ಪುಸ್ತಕಗಳ ಸಾವಿರಾರು ಪುಟಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಉಣಿಸುತ್ತಿರುವುದು ಹೀಗೆ ಬಂದ ಯಂತ್ರದಲ್ಲೇ. ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸತು ಹಚ್ಚಿ, ಎಸ್‌ಎಸ್‌ಡಿ ಕೂಡಿಸಿ, ಮೆಮೊರಿ ತುಂಬಿದರೆ ಹತ್ತು ವರ್ಷ ದಾಟಿದ ಯಂತ್ರವೂ ರಾತ್ರಿಯಿಡೀ ದುಡಿಯುತ್ತದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತು, ಹನ್ನೊಂದಕ್ಕೆ ಇಂಥ ಯಂತ್ರಗಳು ಅನರ್ಹವಾದಾಗ ಲಿನಕ್ಸ್ ಹಾಕಿಕೊಂಡೆವು.

ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿ, ಆ ವರ್ಷದ ಕೊನೆಯಲ್ಲಿ ತಯಾರಕರ ಕೈಪಿಡಿ, ಬಿಡಿಭಾಗಗಳ ವಿವರವನ್ನು ಒಂದೆಡೆ ಕೊಡುವ ಜಾಲತಾಣವನ್ನು ತೆರೆಯಿತು. ವಿವರ ಕೊಡಲೇಬೇಕೆಂಬ ಕಟ್ಟುಪಾಡು, 1956ರ ಆ ತೀರ್ಪಿನಲ್ಲಿದ್ದದ್ದು, ಇದರಲ್ಲಿ ಇನ್ನೂ ಇಲ್ಲ. ಮೆಮೊರಿಯನ್ನು ಬೆಸೆದ ತೆಳು ಯಂತ್ರಗಳು ಗುತ್ತಿಗೆ ಮುಗಿಸಿ ನೆಹರೂ ಪ್ಲೇಸಿನ ಮೆಟ್ಟಿಲುಗಳ ಮೇಲೆ ಈಗಾಗಲೇ ಬಂದು ಕೂತಿವೆ. ಎಂಟು ಜಿಬಿಯದಾದರೆ ಎಂಟೇ ಎನ್ನುತ್ತಾರೆ ಅಂಗಡಿಯವರು, ಸ್ಕ್ರೂಡ್ರೈವರನ್ನು ಮುಟ್ಟದೆ.