ಬಚ್ಚಲ ಹಿಂದಿನ ಸುಗಂಧರಾಜ

ಮದುವೆಯಾದ ಮರುವರ್ಷ ನಮ್ಮವ್ವ ತವರಿನಿಂದ ಒಂದು ಬೊಗಸೆ ಸುಗಂಧರಾಜದ ಗೆಡ್ಡೆ ತಂದು ಬಚ್ಚಲ ನೀರು ಹರಿಯುವ ಕಡೆ ಊರಿದ್ದಳಂತೆ. ಹುಲ್ಲಿನಂಥ ಎಲೆ, ನಡುವಿನಿಂದ ಎದೆಮಟ್ಟ ಏಳುವ ದಂಟು, ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಜೋಡಿಜೋಡಿಯಾಗಿ ಬಿರಿಯುವ ಬಿಳಿ ಹೂ. ದೀಪ ಹಚ್ಚುವ ಹೊತ್ತಿಗೆ ಅದರ ಪರಿಮಳ ಅಡುಗೆಮನೆಯವರೆಗೂ ಬರುತ್ತಿತ್ತು. ದೇವರ ಪಟಕ್ಕೂ ಮದುವೆಯ ಹಾರಕ್ಕೂ ಅದೇ ಹೂವಾದ್ದರಿಂದ, ಅದು ಅನಾದಿಯಿಂದ ನಮ್ಮದೆಂದೇ ನಾನು ನಂಬಿದ್ದೆ.

ಅದರ ತವರು ಮೆಕ್ಸಿಕೊ. ಅಲ್ಲಿನ ನಹುವಾ ಜನ ಇದನ್ನು ‘ಓಮಿಶೋಚಿತ್ಲ್’ ಎಂದರು, ಅಂದರೆ ಮೂಳೆಹೂ. ನುಣುಪಾದ, ತುಸು ಬಾಗಿದ ಆ ಬಿಳಿ ಮೊಗ್ಗನ್ನು ಕೈಯಲ್ಲಿ ಹಿಡಿದರೆ ಅವರ ಕಣ್ಣು ಎಷ್ಟು ಚುರುಕೆಂದು ತಿಳಿಯುತ್ತದೆ. ಸ್ಪೇನಿನವರು ಮೆಕ್ಸಿಕೊವನ್ನು ಗೆದ್ದ ಮೇಲೆ ಗೆಡ್ಡೆ ಯುರೋಪಿಗೆ ಹೋಯಿತು. ಫ್ರಾನ್ಸಿನ 14ನೇ ಲೂಯಿ ತನ್ನ ಟ್ರಿಯಾನಾನ್ ಅರಮನೆಯ ತೋಟದಲ್ಲಿ ಇದನ್ನು ಬೆಳೆಸಿದ. ಕಿತ್ತ ಮೇಲೂ ಗಂಧ ಬಿಡುತ್ತಲೇ ಇರುವ ಹೂ ಇದು. ಗ್ರಾಸ್ ಪಟ್ಟಣದ ಸುಗಂಧ ತಯಾರಕರು ಕೊಬ್ಬು ಸವರಿದ ಗಾಜಿನ ಮೇಲೆ ಇದನ್ನು ಹರಡಿ ಆ ಗಂಧವನ್ನು ಹಿಡಿದಿಟ್ಟರು. ನಮ್ಮಲ್ಲಿಗೂ ಇದು ಬಂದದ್ದು ಐರೋಪ್ಯರ ಮೂಲಕವೇ.

10ನೇ ಶತಮಾನದ ಕವಿ ಪಂಪ ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ಅರಳಿದ ಮಲ್ಲಿಗೆ ಇದೆ. ಸುಗಂಧರಾಜ ಇರುವಂತಿಲ್ಲ, ಆಗಿನ್ನೂ ಅದು ಕಡಲಾಚೆಯ ಹೂ. ತಮಿಳರು ಇದನ್ನು ‘ನಿಲಸಂಪಂಗಿ’, ನೆಲದ ಸಂಪಿಗೆ, ಎಂದು ಕರೆದರು. ಗುರುತಿಲ್ಲದ ಹೂವಿಗೆ ಗುರುತಿದ್ದ ಹೂವಿನ ಹೆಸರಿಟ್ಟು ಮನೆಯೊಳಕ್ಕೆ ಕರೆದುಕೊಂಡ ಆ ರೀತಿ ನನಗೆ ತುಂಬ ಇಷ್ಟ. ನಾವು ಕನ್ನಡಿಗರು ನೇರವಾಗಿ ರಾಜನನ್ನೇ ಮಾಡಿದೆವು.

ಈಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್, ಸುವಾಸಿನಿ ತಳಿಗಳಿವೆ. ಬಿಡಿ ಹೂವಿಗೆ ಒಂಟಿ ಸುತ್ತಿನವು, ಹೂಗುಚ್ಛಕ್ಕೆ ಸುವಾಸಿನಿಯಂಥ ಒತ್ತೆಸಳಿನವು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಇದರ ಕಾಡು ಗಿಡ ಇಂದು ಮೆಕ್ಸಿಕೊದಲ್ಲೂ ಸಿಗುವುದಿಲ್ಲ. ಯಾರೋ ಅಗೆದು, ಬಿಡಿಸಿ, ಮತ್ತೆ ಊರುತ್ತ ಬಂದದ್ದರಿಂದಲೇ ಇದು ಉಳಿದಿದೆ. ಅವ್ವ ಮೂರು ವರ್ಷಕ್ಕೊಮ್ಮೆ ಮಡಿ ಅಗೆದು, ಮರಿಗೆಡ್ಡೆ ಬಿಡಿಸಿ, ನೆರಳಲ್ಲಿ ಆರಲು ಹಾಕುತ್ತಿದ್ದಳು. ಕೇಳಿದವರಿಗೆಲ್ಲ ಕೊಡುತ್ತಿದ್ದಳು. ನಾನು ಬೆಂಗಳೂರಿಗೆ ಹೊರಟಾಗ ಹಳೇ ಸೀರೆಯ ತುಂಡಿನಲ್ಲಿ ಹನ್ನೆರಡು ಗೆಡ್ಡೆ ಕಟ್ಟಿಕೊಟ್ಟಳು, ಮಣ್ಣು ಸಮೇತ.