ವಾಹ್ಯಾಳಿಯ ಕುದುರೆಯೂ ನೀರಾಜನವಿಧಿಯೂ

ಹಳಗನ್ನಡ ಕಾವ್ಯಗಳಲ್ಲಿ ‘ವಾಹ್ಯಾಳಿ’ ಎಂಬ ಪದವು ಕಾಣಬರುವುದಷ್ಟೆ. ಇದೇ ಪದವು ಮುಂದೆ ‘ವೈಹಾಳಿ’ ಎಂದೂ, ದೇವಾಲಯಗಳ ಉತ್ಸವಗಳಲ್ಲಿ ‘ವೈಯಾಳಿ’ ಎಂದೂ ರೂಪಾಂತರವನ್ನು ಹೊಂದಿತು. ‘ಕುದುರೆಯ ಸವಾರಿ’ ಎಂದೋ ‘ಸವಾರಿಯ ಬಯಲು’ ಎಂದೋ ಇದಕ್ಕೆ ಅರ್ಥವನ್ನು ಬರೆದು ಮುಂದೆ ಸಾಗುವುದು ವಾಡಿಕೆ. ಅರ್ಥವೇನೋ ಸರಿಯೇ. ಆದರೆ ಕುದುರೆಯನ್ನು ಆ ಬಯಲಿಗೆ ತರುವುದಕ್ಕೆ ಮುಂಚೆ ನಡೆಯಬೇಕಾಗಿದ್ದ ಉಪಚಾರವನ್ನು ತಿಳಿಯದೆ ಈ ವರ್ಣನೆಗಳ ಸ್ವಾರಸ್ಯವು ತಿಳಿಯದು. ಆ ಉಪಚಾರದ ಪ್ರಧಾನಾಂಗವಾದ ನೀರಾಜನವನ್ನು ಕೇವಲ ಶಕುನವೆಂದು ಕೆಲವರು ತಳ್ಳಿಹಾಕುತ್ತಾರೆ. ಅದು ಯುಕ್ತವಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯು ಈ ವಿಚಾರಕ್ಕೆ ಎರಡು ಬಗೆಯಲ್ಲಿ ಸಂಬಂಧಪಟ್ಟಿದೆ. ಮೊದಲನೆಯದಾಗಿ, ಕೋಗಳಿ-೫೦೦ ಎಂಬ ನಾಡನ್ನು ಒಳಗೊಂಡಿದ್ದ ಈ ಪ್ರದೇಶವನ್ನು ಕಲ್ಯಾಣದ ಚಾಲುಕ್ಯರು ಆಳಿದರು. ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿಯೇ ಆಹವಮಲ್ಲ ಸೋಮೇಶ್ವರನು ೧೦೬೮ರಲ್ಲಿ ತುಂಗಭದ್ರೆಯಲ್ಲಿ ದೇಹತ್ಯಾಗವನ್ನು ಮಾಡಿದನು. ಎರಡನೆಯದಾಗಿ, ವಿಜಯನಗರದ ರಾಜಧಾನಿಯು ಇದರ ನೆರೆಯಲ್ಲಿಯೇ ಇದ್ದಿತು. ೨೦೨೧ರಲ್ಲಿ ಏರ್ಪಟ್ಟ ಜಿಲ್ಲೆಗೆ ಆ ಹೆಸರೇ ಬಂದಿದೆ.

ಆಹವಮಲ್ಲನ ಮೊಮ್ಮಗನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶಕವರ್ಷ ೧೦೫೧ರ, ಎಂದರೆ ಕ್ರಿ.ಶ. ೧೧೨೯ರ, ಉಲ್ಲೇಖವಿದೆ. ಅದರ ನಾಲ್ಕನೆಯ ವಿಂಶತಿಯಲ್ಲಿ ತುರಗವಾಹ್ಯಾಳಿಯು ರಾಜವಿನೋದಗಳಲ್ಲೊಂದಾಗಿ ನಿರೂಪಿತವಾಗಿದೆ. ಕಲ್ಲುಕೊರಕಲಿಲ್ಲದ ಸಮಭೂಮಿ, ಎರಡು ಕೊನೆಗಳಲ್ಲಿ ತೋರಣಗಳು, ಪಕ್ಷಕ್ಕೆ ಎಂಟು ಮಂದಿ ರಾವುತರು, ಕೋಲು, ಚೆಂಡು—ಇದೇ ಅದರ ಸ್ವರೂಪ. ಈ ಆಟವು ಅದಕ್ಕೂ ಹಿಂದಿನಿಂದಲೇ ಕನ್ನಡನಾಡಿನಲ್ಲಿದ್ದಿತು. ೯೮೨ರ ಶ್ರವಣಬೆಳಗೊಳದ ಶಾಸನವು ರಾಷ್ಟ್ರಕೂಟರ ಇಂದ್ರರಾಜನಿಗೆ ಇದರಲ್ಲಿದ್ದ ಕೌಶಲವನ್ನು ಕೊಂಡಾಡುತ್ತದೆ. ಇದು ಅಪಾಯವಿಲ್ಲದ ವಿನೋದವೂ ಅಲ್ಲ. ಇದೇ ಜಾತಿಯ ಚೌಗಾನ್ ಆಟದಲ್ಲಿ ದೆಹಲಿಯ ಕುತ್ಬುದ್ದೀನ್ ಐಬಕನು ೧೨೧೦ರಲ್ಲಿ ಲಾಹೋರಿನಲ್ಲಿ ಕುದುರೆಯಿಂದ ಬಿದ್ದು ಮೃತನಾದನು. ಹೀಗಿರುವಲ್ಲಿ ಬಯಲಿಗೆ ಬರುವ ಕುದುರೆಯು ನಿರೋಗಿಯಾಗಿಯೂ ನಿರ್ಭಯವಾಗಿಯೂ ಇರಬೇಕೆಂಬುದು ಸ್ಪಷ್ಟವಷ್ಟೆ.

ಈ ಎರಡು ಗುಣಗಳನ್ನು ಸಾಧಿಸುವ ಕ್ರಮವು ಶಾಸ್ತ್ರಗಳಲ್ಲಿ ಉಕ್ತವಾಗಿದೆ. ಕೌಟಿಲ್ಯನು ಅಶ್ವಾಧ್ಯಕ್ಷಪ್ರಕರಣದಲ್ಲಿ ಕುದುರೆಗಳಿಗೆ ದಿನಕ್ಕೆ ಎರಡಾವರ್ತಿ ಸ್ನಾನವನ್ನೂ ಗಂಧಮಾಲ್ಯಗಳನ್ನೂ ವಿಧಿಸುತ್ತಾನೆ. ವಾಘೆ ಹಿಡಿಯುವವನು, ಕಟ್ಟುವವನು, ಹುಲ್ಲು ಹಾಕುವವನು, ಮೇವು ಬೇಯಿಸುವವನು, ಲಾಯ ಕಾಯುವವನು, ಕೂದಲು ಕತ್ತರಿಸುವವನು, ವಿಷವೈದ್ಯನು—ಇವರಲ್ಲಿ ಯಾವನು ತನ್ನ ಕೆಲಸದಲ್ಲಿ ತಪ್ಪಿದರೂ ಅವನ ಆ ದಿನದ ವೇತನವನ್ನು ಕಡಿಯತಕ್ಕದ್ದು. ಇದಕ್ಕಿಂತ ಮುಖ್ಯವಾದ ವಿಧಿಯು ಇನ್ನೊಂದುಂಟು. ನೀರಾಜನಕ್ಕಾಗಿ ತಡೆಯಲ್ಪಟ್ಟ ಕುದುರೆಯನ್ನಾಗಲಿ, ಚಿಕಿತ್ಸಕನು ತಡೆದಿರುವ ಕುದುರೆಯನ್ನಾಗಲಿ ಏರಿ ನಡೆಸಿದವನಿಗೆ ಹನ್ನೆರಡು ಪಣಗಳ ದಂಡ. ಪುರೋಹಿತನ ತಡೆಯೂ ವೈದ್ಯನ ತಡೆಯೂ ಇಲ್ಲಿ ಒಂದೇ ವಾಕ್ಯದಲ್ಲಿ, ಒಂದೇ ದಂಡದೊಡನೆ ಬಂದಿರುವುದನ್ನು ವಿದ್ವಾಂಸರು ಗಮನಿಸಬೇಕು.

ವರಾಹಮಿಹಿರನ ಬೃಹತ್ಸಂಹಿತೆಯ ನೀರಾಜನಾಧ್ಯಾಯವು ಈ ಸಾಮ್ಯದ ಕಾರಣವನ್ನು ವಿಶದಪಡಿಸುತ್ತದೆ. ಆ ದಿನಗಳಲ್ಲಿ ಕುದುರೆಗಳ ಕೊರಳಿಗೆ ಗೇರು, ಶಾಲಿಧಾನ್ಯ, ಕೋಷ್ಠ, ಬಿಳಿಸಾಸಿವೆಗಳನ್ನು ಕಟ್ಟತಕ್ಕದ್ದು. ಅವುಗಳನ್ನು ಗದರಿಸಕೂಡದು, ಹೊಡೆಯಕೂಡದು. ಶಂಖತೂರ್ಯಗಳ ಧ್ವನಿಯಿಂದ ಅವುಗಳ ಭಯವನ್ನು ಕಳೆಯತಕ್ಕದ್ದು. ಕಡೆಗೆ ಕುದುರೆಯನ್ನು ತೋರಣದ ಬಳಿಗೆ ತಂದು, ಅಭಿಮಂತ್ರಿಸಿದ ಪಿಂಡವನ್ನು ಅದರ ಮುಂದೆ ಹಿಡಿದಾಗ, ಅದು ಮೂಸಿದರೆ ಅಥವಾ ತಿಂದರೆ ರಾಜನಿಗೆ ಜಯವೆಂದೂ, ಇಲ್ಲವಾದರೆ ಅಪಜಯವೆಂದೂ ಫಲವು ಹೇಳಲ್ಪಟ್ಟಿದೆ.

ಇದರ ತಾತ್ಪರ್ಯವೇನು? ಕುದುರೆಯನ್ನು ಸಾಕಿದ ಯಾವ ಒಕ್ಕಲಿಗನಾದರೂ ಇದನ್ನು ಬಲ್ಲನು. ನೋವಿರುವ ಕುದುರೆಯು ಮೊದಲು ಮೇವನ್ನು ಬಿಡುತ್ತದೆ. ಬೆದರಿದ ಕುದುರೆಯು ಮುಂದಿಟ್ಟ ಹುರುಳಿಯನ್ನೂ ಮುಟ್ಟುವುದಿಲ್ಲ. ವಾದ್ಯಘೋಷದ ನಡುವೆ, ಜನಸಂದಣಿಯಲ್ಲಿ, ತೋರಣದ ಎದುರಿನಲ್ಲಿ ನಿಂತು ಶಾಂತವಾಗಿ ತಿನ್ನುವ ಕುದುರೆಯು ಆರೋಗ್ಯದಿಂದಲೂ ಧೈರ್ಯದಿಂದಲೂ ಕೂಡಿರುವುದೆಂದು ಹೇಳಲು ಜ್ಯೋತಿಷವೇ ಬೇಕಾಗಿಲ್ಲ. ಆದುದರಿಂದ ಶಕುನದ ಭಾಷೆಯಲ್ಲಿ ಇಲ್ಲಿ ಹೇಳಿರುವುದು ಪರೀಕ್ಷೆಯೇ ಎಂದು ನಮಗೆ ತೋರುತ್ತದೆ. ವಾಹ್ಯಾಳಿಯ ಪ್ರತಿದಿನವೂ ನೀರಾಜನವು ನಡೆಯುತ್ತಿದ್ದಿತೆಂದು ನಾವು ಸಾಧಿಸಹೊರಟಿಲ್ಲ. ಆಶ್ವಯುಜದ ನವಮಿಯಲ್ಲಿಯೂ, ಯಾತ್ರೆಯ ಆದ್ಯಂತಗಳಲ್ಲಿಯೂ, ವ್ಯಾಧಿಯಲ್ಲಿಯೂ ಅದನ್ನು ಮಾಡಿಸಬೇಕೆಂದು ಕೌಟಿಲ್ಯನ ಮತ. ಆದರೆ ವರ್ಷಕ್ಕೊಮ್ಮೆ ವೈಭವದಿಂದ ನಡೆಯುವ ಪರೀಕ್ಷೆಯನ್ನೇ ‘ಸಾಹಣಿ’ಯು ಪ್ರತಿದಿನವೂ ಲಾಯದಲ್ಲಿ ಮೌನವಾಗಿ ನಡೆಸಬೇಕಾಗಿದ್ದಿತು. ಚಾಲುಕ್ಯಶಾಸನಗಳ ‘ಕರಿತುರಗಪಟ್ಟಸಾಹಣಿ’ ಎಂಬ ಅಧಿಕಾರನಾಮದ ಗೌರವವು ಇದರಿಂದ ತಿಳಿಯುತ್ತದೆ.

ಈ ಸಂಪ್ರದಾಯವು ಗ್ರಂಥಸ್ಥವಾಗಿಯೇ ಉಳಿಯಲಿಲ್ಲವೆಂಬುದಕ್ಕೆ ವಿಜಯನಗರವೇ ಸಾಕ್ಷಿ. ೧೫೨೦ರ ಸುಮಾರಿನಲ್ಲಿ ಕೃಷ್ಣದೇವರಾಯನ ಮಹಾನವಮಿಯನ್ನು ಕಂಡ ಪೋರ್ಚುಗೀಸಿನ ಡೊಮಿಂಗೋ ಪಾಯೆಸನು, ಅಲಂಕೃತವಾದ ಕುದುರೆಗಳು ಸಾಲಾಗಿ ನಿಂತಿರಲು, ಪುರೋಹಿತನು ತೆಂಗಿನಕಾಯಿ, ಅಕ್ಕಿ, ಹೂವು, ನೀರುಗಳೊಡನೆ ಅವುಗಳ ಹಿಂದುಗಡೆಯಿಂದ ಸುತ್ತಿಬಂದುದನ್ನು ವರ್ಣಿಸಿದ್ದಾನೆ. ಪರದೇಶದವನಿಗೆ ಅದು ವಿಚಿತ್ರವಾದ ಪೂಜೆಯಾಗಿ ಕಂಡಿತು. ನಮ್ಮ ಶಾಸ್ತ್ರವನ್ನು ಓದಿದವರಿಗೆ ಅದು ನೀರಾಜನವೆಂದು ಒಡನೆಯೇ ತಿಳಿಯುತ್ತದೆ.

ಉಪಚಾರವು ಸ್ಪರ್ಧೆಯೊಡನೆ ಮುಗಿಯತಕ್ಕದ್ದೂ ಅಲ್ಲ. ದಾರಿಯಿಂದಲೂ ಭಾರದಿಂದಲೂ ಬಳಲಿದ ಕುದುರೆಗಳಿಗೆ ಒಂದು ಪ್ರಸ್ಥದಷ್ಟು ಸ್ನೇಹದ್ರವ್ಯವನ್ನೂ, ನಸ್ಯಕ್ಕೆ ಒಂದು ಕುಡುಬವನ್ನೂ ಕೌಟಿಲ್ಯನು ಗೊತ್ತುಮಾಡಿದ್ದಾನೆ. ಚಿಕಿತ್ಸೆಯಲ್ಲಿ ಉದಾಸೀನದಿಂದ ರೋಗವು ಹೆಚ್ಚಿದರೆ ವೆಚ್ಚದ ಇಮ್ಮಡಿಯೂ, ಆ ಅಪರಾಧದಿಂದ ಕುದುರೆಯೇ ಅಳಿದರೆ ಅದರ ಬೆಲೆಯೂ ದಂಡ. ಕನ್ನಡದಲ್ಲಿಯೂ ೧೪೦೦ರ ಸುಮಾರಿನಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದುದು ಈ ಜ್ಞಾನವು ದೇಶಭಾಷೆಗೆ ಇಳಿದುಬಂದುದರ ಗುರುತು.

ಅಮರಕೋಶದ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತಗಳೆಂಬ ಐದು ಗತಿಗಳನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವೆವು. ಆ ಗತಿಗಳು ಕುದುರೆಗೆ ಬರುವಂತೆ ಅದರ ಮೈಯನ್ನೂ ಮನಸ್ಸನ್ನೂ ಕಾಯ್ದವರು ಯಾರೆಂಬುದನ್ನು ಹೇಳುವುದಿಲ್ಲ. ಕಾವ್ಯದಲ್ಲಿ ವಾಹ್ಯಾಳಿಯ ಪ್ರಸಂಗವು ಬಂದಾಗ ರಾವುತನ ಜೊತೆಯಲ್ಲಿ ಮೇವು ಬೇಯಿಸುವವನನ್ನೂ ಸ್ಮರಿಸಿದರೆ, ಕವಿಯ ಮಾತಿಗೂ ಶಾಸ್ತ್ರದ ಮಾತಿಗೂ ನ್ಯಾಯವನ್ನು ಸಲ್ಲಿಸಿದಂತಾಗುವುದು. ಈ ಐದು ತಾಲ್ಲೂಕುಗಳ ಶಾಸನಗಳಲ್ಲಿ ಸಾಹಣಿಗಳ ಉಲ್ಲೇಖಗಳನ್ನು ಸಂಗ್ರಹಿಸಿ ಪರಿಶೀಲಿಸುವ ಕಾರ್ಯವನ್ನು ಯುವ ಸಂಶೋಧಕರು ಕೈಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.