ಊರು ಬಿಟ್ಟು ಬರುವ ತಂಡ

ಹೇಮಾವತಿಯ ನೀರಿಗೂ ಪುಣೆಯಲ್ಲಿ ನಡೆಯುವ ಕ್ರಿಕೆಟ್ಟಿಗೂ ಏನು ಸಂಬಂಧವೆಂದು ತಾವು ಕೇಳಬಹುದು. 2018ನೆಯ ಇಸವಿಯ ಏಪ್ರಿಲಿನಲ್ಲಿ ಆ ಸಂಬಂಧ ಕೂಡಿಬಂದಿತು. ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಹೊಳೆನರಸೀಪುರವನ್ನು ಹಾಯ್ದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಹೊಳೆ ನಮ್ಮದು. ಅದರ ನೀರು ಯಾರಿಗೆ ಎಷ್ಟು ಎಂಬ ಹಳೆಯ ವ್ಯಾಜ್ಯದಲ್ಲಿ ಆ ವರ್ಷದ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192 ಟಿ.ಎಂ.ಸಿ. ಅಡಿಯಿಂದ 177.25ಕ್ಕೆ ಇಳಿಯಿತು, ಕರ್ನಾಟಕಕ್ಕೆ 14.75 ಹೆಚ್ಚಿತು. ಕೆರೆಯ ಕಡೆಗೊಮ್ಮೆ, ನಾಲೆಯ ಕಡೆಗೊಮ್ಮೆ ನೋಡುತ್ತ ಕುಳಿತಿದ್ದ ದಂಡಿಗನಹಳ್ಳಿ ಹೋಬಳಿಯ ರೈತನಿಗೆ ಇದು ಸ್ವಲ್ಪ ಸಮಾಧಾನದ ಸುದ್ದಿ. ತಂಜಾವೂರಿನ ರೈತನಿಗೆ ಹಾಗಲ್ಲ. ನೀರು ಹಂಚುವ ಏರ್ಪಾಡನ್ನು ಕೇಂದ್ರ ಸರ್ಕಾರ ಕೋರ್ಟು ಹೇಳಿದ ಆರು ವಾರಗಳಲ್ಲಿ ಮಾಡಲಿಲ್ಲವೆಂದು ಮದರಾಸಿನ ಬೀದಿಗಳು ಸಿಟ್ಟಾದವು.

ಅದೇ ಹೊತ್ತಿಗೆ ಚೆನ್ನೈ ಸೂಪರ್ ಕಿಂಗ್ಸ್ ತಂಡ ಎರಡು ವರ್ಷದ ಅಮಾನತು ಕಳೆದು ತನ್ನ ಊರಿಗೆ ಮರಳಿತ್ತು. ಏಪ್ರಿಲ್ 10ರಂದು ಚೆಪಾಕಿನಲ್ಲಿ ಮೊದಲ ಪಂದ್ಯ. ಹೊರಗೆ ಮೆರವಣಿಗೆ, ಒಳಗೆ ಪೊಲೀಸರು. ಆಟದ ನಡುವೆ ಅಂಗಣದೊಳಕ್ಕೆ ಪಾದರಕ್ಷೆ ಬಂದು ಬಿತ್ತು. ರೈತನಿಗೆ ನೀರಿಲ್ಲದಾಗ ಊರಿಗೆ ಆಟವೇಕೆ ಎಂಬುದು ಪ್ರತಿಭಟಿಸಿದವರ ಮಾತು. ಆ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಹೊಳೆಯ ಮೇಲ್ದಡದಲ್ಲಿ ಕುಳಿತವರಂತೂ ಹಾಗೆ ಮಾಡಲೇಬಾರದು. ಮಾರನೆಯ ದಿನವೇ ಉಳಿದ ಆರು ಪಂದ್ಯಗಳನ್ನು ಚೆನ್ನೈಯಿಂದ ಎತ್ತಿಬಿಡುವುದೆಂದು ಗೊತ್ತಾಯಿತು.

ಎಲ್ಲಿಗೆ? ವಿಶಾಖಪಟ್ಟಣ, ತಿರುವನಂತಪುರ, ರಾಜಕೋಟೆ, ಪುಣೆ ಎಂಬ ನಾಲ್ಕು ಹೆಸರುಗಳು ಕೇಳಿಬಂದವು. ಪುಣೆಗೆ ಗೆಲುವಾಯಿತು. ಚೆನ್ನೈಯಿಂದ ಒಂದು ವಿಶೇಷ ರೈಲು ಹೊರಟು, ಹಳದಿ ಅಂಗಿ ತೊಟ್ಟ ಸುಮಾರು ಸಾವಿರ ಮಂದಿ ಅಭಿಮಾನಿಗಳನ್ನು ತಂಡದ ಖರ್ಚಿನಲ್ಲಿಯೇ ಪುಣೆಗೆ ಕರೆತಂದಿತು. ತಂಡ ಆ ವರ್ಷದ ಕಪ್ಪನ್ನೂ ಗೆದ್ದಿತು.

ಪುಣೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಂಡವೊಂದನ್ನು ತನ್ನದಾಗಿಸಿಕೊಳ್ಳಬೇಕೆಂದು ನಮ್ಮ ದೇಶದಲ್ಲಿ ಇಷ್ಟು ಸಲ ಕೈಚಾಚಿದ ಊರು ಮತ್ತೊಂದಿಲ್ಲ ಎನ್ನಬಹುದು. 2011ರಲ್ಲಿ ಅದಕ್ಕೆ ಪುಣೆ ವಾರಿಯರ್ಸ್ ಎಂಬ ತಂಡ ದೊರೆಯಿತು. ಆದರೆ ಊರಿನ ಅಂಗಣ ಇನ್ನೂ ಸಿದ್ಧವಾಗಿರಲಿಲ್ಲ. ಪುಣೆಯ ತಂಡ ತನ್ನ ಮೊದಲ ವರ್ಷದ ಮನೆಯಾಟವನ್ನು ನವಿಮುಂಬಯಿಯಲ್ಲಿ ಆಡಿತು. ಮರುವರ್ಷ ಮುಂಬಯಿಗೆ ಹೋಗುವ ಹೆದ್ದಾರಿಯ ಪಕ್ಕದ ಗಹುಂಜೆಯಲ್ಲಿ ಸೊಗಸಾದ ಅಂಗಣ ಎದ್ದುನಿಂತಿತು. ಆ ತಂಡ 2013ರ ಆಟ ಮುಗಿಸಿ ಮಾಯವಾಯಿತು. ಅಂಗಣ ಉಳಿಯಿತು, ತಂಡ ಹೋಯಿತು. ಚೆನ್ನೈ, ರಾಜಸ್ಥಾನ ತಂಡಗಳಿಗೆ ಎರಡು ವರ್ಷ ಅಮಾನತಾದಾಗ, ಆ ತೆರಪಿನಲ್ಲಿ 2016ರಲ್ಲಿ ರೈಸಿಂಗ್ ಪುಣೆ ತಂಡ ಬಂದಿತು. ಧೋನಿಯವರೂ ಅದರಲ್ಲಿ ಆಡಿದರು. 2017ರ ಕೊನೆಯ ಪಂದ್ಯದಲ್ಲಿ ಒಂದೇ ಒಂದು ಓಟದಿಂದ ಸೋತ ಆ ತಂಡವೂ, ಅವಧಿ ತೀರಿತೆಂದು ಗಂಟು ಕಟ್ಟಿತು. ಅದಾದ ಮೇಲೆ ಬಂದದ್ದು ಚೆನ್ನೈಯ ತಂಡ. ಎಂಟು ವರ್ಷಗಳಲ್ಲಿ ಮೂರು ತಂಡಗಳು ಆ ಊರಿನ ಬಾಗಿಲು ಹೊಕ್ಕವು. ಒಂದೂ ನೆಲೆ ನಿಲ್ಲಲಿಲ್ಲ. ಮೂರನೆಯದಕ್ಕಾಗಿ ಪುಣೆ ತನ್ನದೇ ಒಂದು ಪಾಲನ್ನೂ ಬಿಟ್ಟುಕೊಟ್ಟಿತು: ಆ ವರ್ಷದ ಕೊನೆಯ ಹಂತದ ಎರಡು ಪಂದ್ಯಗಳು ಅಲ್ಲಿ ನಡೆಯಬೇಕಾಗಿದ್ದುವು, ಅವು ಕಲ್ಕತ್ತೆಯ ಪಾಲಾದುವು.

ನೀರಿನಿಂದಾಗಿ ಚೆನ್ನೈ ಬಿಟ್ಟು ಬಂದ ಆಟಕ್ಕೆ ಪುಣೆಯಲ್ಲಿಯೂ ನೀರಿನ ಪ್ರಶ್ನೆಯೇ ಎದುರಾಯಿತೆಂಬುದು ಇನ್ನೂ ವಿಚಿತ್ರ. ಪವನಾ ನದಿಯ ನೀರನ್ನು ಅಂಗಣಕ್ಕೆ ಎಳೆಯಕೂಡದೆಂದು ಬೊಂಬಾಯಿ ಹೈಕೋರ್ಟು ಅದೇ ಏಪ್ರಿಲಿನಲ್ಲಿ ತಡೆಯೊಡ್ಡಿತು. ಈ ಕೋರ್ಟಿಗೆ ವಿಷಯ ಹೊಸದಲ್ಲ. ಎರಡು ವರ್ಷ ಮೊದಲು, 2016ರ ಭೀಕರ ಬರದಲ್ಲಿ, ಲಾತೂರಿಗೆ ಮೀರಜಿನಿಂದ ಕುಡಿಯುವ ನೀರನ್ನು ರೈಲಿನಲ್ಲಿ ಸಾಗಿಸುತ್ತಿದ್ದರು. ಆಟದ ಹುಲ್ಲಿಗೆ ಲಕ್ಷಾಂತರ ಲೀಟರ್ ಸುರಿಯುವುದು ನ್ಯಾಯವೇ ಎಂದು ಒಂದು ಸಂಸ್ಥೆ ಅರ್ಜಿ ಹಾಕಿತು. ಏಪ್ರಿಲ್ 30ರ ನಂತರದ ಪಂದ್ಯಗಳೆಲ್ಲ ಮಹಾರಾಷ್ಟ್ರದಿಂದ ಹೊರಗೆ ಹೋಗಲಿ ಎಂದು ಕೋರ್ಟು ಆಜ್ಞೆ ಮಾಡಿತು. ಮುಂಬಯಿ, ಪುಣೆಗಳ ತಂಡಗಳು ವಿಶಾಖಪಟ್ಟಣಕ್ಕೆ ಹೋದುವು. ಕೊನೆಯ ಪಂದ್ಯ ಮುಂಬಯಿಯ ಕೈತಪ್ಪಿ ಯಾರಿಗೆ ಬಂದಿತು ಬಲ್ಲಿರಾ? ನಮ್ಮ ಬೆಂಗಳೂರಿಗೆ. ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡ ಎಂಟು ಓಟಗಳಿಂದ ಸೋತಿತು. ಕರ್ನಾಟಕದಲ್ಲಿಯೂ ಆ ವರ್ಷ ಬರವೇ. ಸೆಪ್ಟೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದುವು. ಮೇ ತಿಂಗಳಿನಲ್ಲಿ ಮಾತ್ರ ಆ ಪ್ರಶ್ನೆಯನ್ನು ಇಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಬಂದ ಭಾಗ್ಯವನ್ನು ಬೇಡವೆನ್ನುವುದು ಕಷ್ಟ.

ತಂಡಗಳು ಊರು ಬದಲಿಸುವ ಈ ಪದ್ಧತಿ ನಮಗೆ ಹೊಸದಾದರೂ ಅಮೆರಿಕದಲ್ಲಿ ಹಳೆಯದು. ಅಲ್ಲಿ ಬೇಸ್‌ಬಾಲ್ ಎಂಬ ಆಟ ನಮ್ಮ ಕ್ರಿಕೆಟ್ಟಿನ ಹಾಗೆ ಮನೆಮನೆಯ ಮಾತು. ಮಿಲ್ವಾಕಿ ಎಂಬ ನಗರ, ತಂಡ ಬರುವ ಮೊದಲೇ ಸಾರ್ವಜನಿಕ ಹಣದಿಂದ ಅಂಗಣ ಕಟ್ಟಿ ಕಾದು ಕುಳಿತಿತ್ತು. 1953ರಲ್ಲಿ ಬಾಸ್ಟನ್ನಿನ ಬ್ರೇವ್ಸ್ ತಂಡ ಬಂದೇ ಬಂದಿತು. ಬಾಸ್ಟನ್ನಿನಲ್ಲಿ ಹಿಂದಿನ ವರ್ಷ ಮೂರು ಲಕ್ಷವೂ ತುಂಬದ ಪ್ರೇಕ್ಷಕರು ಮಿಲ್ವಾಕಿಯಲ್ಲಿ ಮೊದಲ ವರ್ಷವೇ 18 ಲಕ್ಷವಾದರು. 1957ರಲ್ಲಿ ತಂಡ ದೇಶದ ಅಗ್ರಪಟ್ಟವನ್ನೂ ಗಳಿಸಿತು. ಹದಿಮೂರೇ ವರ್ಷ ಕಳೆಯುವುದರೊಳಗೆ ಜನದ ಉತ್ಸಾಹ ಇಳಿದು, ಮಾಲೀಕರು ಬದಲಾಗಿ, 1966ರಲ್ಲಿ ಅದೇ ತಂಡ ಅಟ್ಲಾಂಟಾಕ್ಕೆ ಹೊರಟುಹೋಯಿತು. ಬಾಸ್ಟನ್ನಿನವರು ಪಟ್ಟ ಸಂಕಟವನ್ನು ಈಗ ಮಿಲ್ವಾಕಿಯವರು ಪಟ್ಟರು.

ಬ್ರೂಕ್ಲಿನ್ನಿನ ಡಾಜರ್ಸ್ ತಂಡದ ಪ್ರಸಂಗ ಇದಕ್ಕಿಂತ ಪ್ರಸಿದ್ಧ. ಹಳೆಯ ಅಂಗಣ ಸಾಲದೆಂದು ಮಾಲೀಕ ವಾಲ್ಟರ್ ಒಮ್ಯಾಲಿ ಬ್ರೂಕ್ಲಿನ್ನಿನಲ್ಲಿಯೇ ಜಾಗ ಕೇಳಿದ. ನಗರದ ಕಟ್ಟಡ ವ್ಯವಹಾರಗಳ ಚುಕ್ಕಾಣಿ ಹಿಡಿದಿದ್ದ ರಾಬರ್ಟ್ ಮೋಸೆಸ್ ಬೇರೆ ಕಡೆ ತೋರಿಸಿದ. ಇಬ್ಬರೂ ಹಟಮಾರಿಗಳು. 1957ರ ಸೆಪ್ಟೆಂಬರ್ 24ರಂದು ಅಲ್ಲಿ ಕೊನೆಯ ಆಟ ನಡೆದು, ಮರುವರ್ಷ ತಂಡ ಲಾಸ್ ಏಂಜಲೀಸಿನದಾಯಿತು. ಲಾಸ್ ಏಂಜಲೀಸು ಕೊಟ್ಟ ಗುಡ್ಡದ ಜಾಗ ಮೆಕ್ಸಿಕೋ ಮೂಲದ ಬಡವರ ಕೇರಿಯಾಗಿದ್ದಿತು. ಬಡವರಿಗೇ ಮನೆ ಕಟ್ಟಿಕೊಡುತ್ತೇವೆಂದು ಮೊದಲು ಅವರನ್ನು ಎಬ್ಬಿಸಿದ್ದರು. ಆ ಯೋಜನೆ ಕೈಬಿಟ್ಟುಹೋಯಿತು. ಉಳಿದುಕೊಂಡಿದ್ದ ಕೊನೆಯ ಕೆಲವು ಸಂಸಾರಗಳನ್ನು 1959ರಲ್ಲಿ ಪೊಲೀಸರು ಹೊರಕ್ಕೆ ಹಾಕಿದರು. 1962ರಲ್ಲಿ ಅಲ್ಲಿ ಅಂಗಣ ತೆರೆಯಿತು.

ನಮ್ಮಲ್ಲಿ ಈ ಬಗೆಯ ವಲಸೆ ಕಾಲ್ಚೆಂಡಿನಲ್ಲಿ ಕಾಣಿಸಿತು. 2019ರಲ್ಲಿ ದೆಹಲಿಯ ಡೈನಮೋಸ್ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾದ ಹೆಸರು ಧರಿಸಿತು. ಕಳಿಂಗ ಕ್ರೀಡಾಂಗಣ ಸಿದ್ಧವಾಗಿತ್ತು, ಆಟಗಳಿಗೆ ಬೆಂಬಲ ಕೊಡುವ ಮನಸ್ಸು ಸರ್ಕಾರಕ್ಕಿತ್ತು. ಅದೇ ವರ್ಷ ಪುಣೆಯ ಕಾಲ್ಚೆಂಡಿನ ತಂಡ ಮುಚ್ಚಿ, ಅದರ ಸ್ಥಾನ ಹೈದರಾಬಾದಿಗೆ ಹೋಯಿತು. 2025ರಲ್ಲಿ ಹೈದರಾಬಾದಿನದು ದೆಹಲಿಗೆ ಬಂದಿತು. ಪುಣೆಗೆ ಇಲ್ಲಿಯೂ ಅದೃಷ್ಟವಿಲ್ಲ.

ಬೆಂಗಳೂರು ಕೊಡುವ ಕೈಯೂ ಆಯಿತು. ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡ 2017ರಲ್ಲಿ ತನ್ನ ಮನೆಯ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. ಅದು ಸಣ್ಣ ಮಾತು. ದೊಡ್ಡದು 2025ರ ಜೂನ್ 4ರದು. ಹದಿನೆಂಟು ವರ್ಷ ಕಾದು ಕಪ್ಪು ಗೆದ್ದ ತಂಡವನ್ನು ನೋಡಬೇಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಿಗೆ ನುಗ್ಗಿಬಂದ ಜನಸಾಗರದಲ್ಲಿ ಹನ್ನೊಂದು ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಇಂಥ ದೊಡ್ಡ ಜನಸಂದಣಿಗೆ ಆ ಕಟ್ಟಡ ಸುರಕ್ಷಿತವಲ್ಲವೆಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ಹೇಳಿತು. 1974ರಲ್ಲಿ ಮೊದಲ ಟೆಸ್ಟ್ ಕಂಡ ಆ ಅಂಗಣದಿಂದ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ನವಿಮುಂಬಯಿಗೆ ಹೋದುವು. ಬೆಂಗಳೂರಿನ ತಂಡವೂ ಊರು ಬಿಟ್ಟೀತೇನೋ ಎಂಬ ಮಾತು ಹಬ್ಬಿದಾಗ, ನಮ್ಮಲ್ಲಿ ಆಡಿ ಎಂದು ಬಾಗಿಲು ತೆರೆದ ಊರುಗಳಲ್ಲಿ ಪುಣೆಯೂ ಒಂದು. ಇದನ್ನು ಆಸೆಬುರುಕತನವೆಂದು ನಾನು ಕರೆಯಲಾರೆ. ಮೂರು ಸಲ ಕಳೆದುಕೊಂಡವರ ಅಭ್ಯಾಸ ಅದು.

ಇನ್ನು ನಮ್ಮ ಜಿಲ್ಲೆಯ ಮಾತು. ಜಾವಗಲ್ಲಿನ ಹೆಸರನ್ನು ಶ್ರೀನಾಥರು ಪ್ರಪಂಚಕ್ಕೆ ತಿಳಿಸಿದರು. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಭಾರತಕ್ಕಾಗಿ ಚೆಂಡೆಸೆದರು. ವೇಗದ ಚೆಂಡಿಗೆ ಇಲ್ಲಿ ಕೊರತೆಯಿಲ್ಲ. ಆದರೆ ರಾಜ್ಯದ ಮಹಾರಾಜ ಟ್ರೋಫಿಯಲ್ಲಿ ಮಂಗಳೂರು, ಹುಬ್ಬಳ್ಳಿ, ಗುಲಬರ್ಗಾ, ಶಿವಮೊಗ್ಗ, ಮೈಸೂರು, ಬೆಂಗಳೂರುಗಳ ಹೆಸರಿನ ಆರು ತಂಡಗಳಿದ್ದುವೇ ಹೊರತು ಹಾಸನದ ಹೆಸರಿನದಿರಲಿಲ್ಲ. ಇದಕ್ಕೆ ಬಹಳ ಮರುಗಬೇಕಾದದ್ದೂ ಇಲ್ಲ. ಆ ಆರು ತಂಡಗಳೂ ತಮ್ಮ ತಮ್ಮ ಊರಿನಲ್ಲಿ ಬಾಳುವೆ ಮಾಡಿದವಲ್ಲ, ಹೆಸರು ಹೊತ್ತು ಒಂದೇ ಅಂಗಣದಲ್ಲಿ ಸೇರಿ ಆಡುವಂಥವು. ಗುಲಬರ್ಗಾದ ತಂಡವನ್ನು ನೋಡಲು ಗುಲಬರ್ಗಾದವನು ಬೆಂಗಳೂರಿಗೆ ಬರಬೇಕಾಗಿತ್ತು. ಹಾಸನಕ್ಕೆ ಹೆಸರು ಬೇಕೆಂದು ಕೇಳುವವರು, ದಿನವೂ ನೀರು ಕುಡಿಯುವ ಹುಲ್ಲಿನಂಗಣ, ರಾತ್ರಿಯಾಟದ ದೀಪ, ಇಪ್ಪತ್ತು ಮೂವತ್ತು ಸಾವಿರ ಜನ ತಳ್ಳಾಟವಿಲ್ಲದೆ ಹೊರಬರುವ ಬಾಗಿಲುಗಳು ಇವುಗಳ ಲೆಕ್ಕವನ್ನು ಮೊದಲು ಹಾಕಬೇಕು. ಬಾಗೂರು ನವಿಲೆಯ ಸುರಂಗದಲ್ಲಿ ಹೇಮಾವತಿ ತುಮಕೂರಿನ ಕಡೆಗೆ ಹರಿದುಹೋಗುವುದನ್ನು ಕಂಡ ಚನ್ನರಾಯಪಟ್ಟಣದವರಿಗೆ, ಆ ಲೆಕ್ಕದ ಮೊದಲನೆಯ ಬಾಬು ಎಷ್ಟು ಸೂಕ್ಷ್ಮವೆಂದು ಬಿಡಿಸಿ ಹೇಳಬೇಕಾಗಿಲ್ಲ.

2025ರ ಆಗಸ್ಟಿನಲ್ಲಿ ಮಹಾರಾಜ ಟ್ರೋಫಿ ಬೆಂಗಳೂರಿನಿಂದ ಮೈಸೂರಿಗೆ ಬಂದಿತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅಂಗಣಕ್ಕೆ ನಮ್ಮ ಹೊಳೆನರಸೀಪುರದಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳಿಬಿಡಬಹುದು. ಆಟ ಇಷ್ಟು ಹತ್ತಿರ ಬಂದದ್ದು ಅಪರೂಪ. ಆದರೆ ಜೂನಿನ ಸಾವುಗಳ ನಂತರ ಜನರನ್ನು ಒಳಕ್ಕೆ ಬಿಡುವುದು ಬೇಡವೆಂದು ತೀರ್ಮಾನವಾಗಿತ್ತು. ಪ್ರೇಕ್ಷಕರಿಲ್ಲದ ಅಂಗಣದಲ್ಲಿ ಆಟ ಮುಗಿದು ಕಪ್ಪು ಮಂಗಳೂರಿನ ಹೆಸರಿನ ತಂಡಕ್ಕೆ ಹೋಯಿತು. ಮೈಸೂರಿನವರು ತಮ್ಮ ಊರಿನಲ್ಲಿ ನಡೆದ ಪಂದ್ಯವನ್ನು ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದರು.